ಮರದಲ್ಲಿ ಕೂಡಿಟ್ಟ ಬಿಸಿಲು

ಅಂಗೈಯಲ್ಲಿ ಹಿಡಿಯಬಹುದಾದ ತೇಗದ ಸಸಿ ಅರುವತ್ತು ವರ್ಷಗಳ ತರುವಾಯ ಆನೆಯೇ ಎಳೆಯಬೇಕಾದ ದಿಮ್ಮಿಯಾಗುತ್ತದೆ. ಇಷ್ಟು ತೂಕ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಯಾವ ತರಗತಿಯಲ್ಲಿ ಕೇಳಿದರೂ ಹೆಚ್ಚಿನವರು "ಮಣ್ಣಿನಿಂದ" ಎಂದೇ ಉತ್ತರಿಸುತ್ತಾರೆ. ಹಿರಿಯರಲ್ಲಿಯೂ ಇದೇ ನಂಬಿಕೆ ಬಲವಾಗಿದೆ.

ಹದಿನೇಳನೆಯ ಶತಮಾನದಲ್ಲಿ ಇಂದಿನ ಬೆಲ್ಜಿಯಂ ದೇಶದಲ್ಲಿ ಫಾನ್ ಹೆಲ್ಮಾಂಟ್ ಎಂಬ ವೈದ್ಯನು ಇದನ್ನು ತೂಗಿಯೇ ನೋಡಿದನು. ದೊಡ್ಡ ಕುಂಡವೊಂದರಲ್ಲಿ ಒಣಗಿಸಿ ತೂಗಿದ 200 ಪೌಂಡು ಮಣ್ಣು ತುಂಬಿ, 5 ಪೌಂಡು ತೂಕದ ವಿಲ್ಲೋ ಗಿಡವೊಂದನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದು ಬೆಳೆಸಿದನು. ಕೊನೆಗೆ ಮರ ತೂಗಿದ್ದು 169 ಪೌಂಡು. ಮಣ್ಣಿನಲ್ಲಿ ಕಡಮೆಯಾದದ್ದು ಕೇವಲ ಎರಡು ಔನ್ಸು, ಎಂದರೆ 60 ಗ್ರಾಮಿನಷ್ಟು. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತೆಂದು ಆತನು ತೀರ್ಮಾನಿಸಿದನು. ಆತನ ಮರಣಾನಂತರ, 1648ರಲ್ಲಿ ಈ ಬರಹ ಅಚ್ಚಾಯಿತು. ಅರ್ಧ ಸತ್ಯ ಆತನ ಕೈಗೆ ಸಿಕ್ಕಿತ್ತು. ಉಳಿದರ್ಧ ಕಣ್ಣಿಗೆ ಕಾಣದ ಗಾಳಿಯಲ್ಲಿತ್ತು.

ಎಲೆಯು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನೂ ಬೇರಿನ ಮೂಲಕ ನೀರನ್ನೂ ಪಡೆದು, ಬಿಸಿಲಿನ ಬಲದಿಂದ ಅವೆರಡನ್ನೂ ಕೂಡಿಸಿ ಸಕ್ಕರೆಯನ್ನು ಮಾಡುತ್ತದೆ. ಇದನ್ನೇ ಪಾಠದಲ್ಲಿ ದ್ಯುತಿಸಂಶ್ಲೇಷಣೆ ಎಂದು ಓದಿದ್ದೀರಿ. ಈ ಸಕ್ಕರೆಯೇ ಮುಂದೆ ನಾರಾಗಿ, ತೊಗಟೆಯಾಗಿ, ಮರವಾಗಿ ಗಟ್ಟಿಗೊಳ್ಳುತ್ತದೆ. ನೀರೆಲ್ಲ ಆರಿಹೋದ ಮೇಲೆ ಉಳಿಯುವ ಈ ಒಣ ವಸ್ತುವಿನ ತೂಕಕ್ಕೆ ಜೈವಿಕ ರಾಶಿ ಎಂದು ಹೆಸರು. ಇಂಗ್ಲಿಷಿನಲ್ಲಿ ಬಯೋಮಾಸ್ ಎನ್ನುತ್ತಾರೆ. ಅದರಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಮಣ್ಣು ಕೊಟ್ಟ ಪಾಲು ಎಷ್ಟೆಂದು ತಿಳಿಯಬೇಕಾದರೆ ಬೆಳಿಗ್ಗೆ ಅಡುಗೆಮನೆಯ ಒಲೆಯ ಬೂದಿಯನ್ನು ನೋಡಿದರೆ ಸಾಕು. ಹೊರೆ ಸೌದೆ ಉರಿದು ಬೊಗಸೆ ಬೂದಿ ಉಳಿಯುತ್ತದೆ. ಆ ಬೊಗಸೆಯಷ್ಟೇ ಮಣ್ಣಿನದು. ಉಳಿದುದು ಗಾಳಿಯಿಂದ ಬಂದಿತ್ತು, ಗಾಳಿಗೇ ಹೋಯಿತು. ಹೋಗುವಾಗ ಎಲೆ ಹಿಡಿದಿಟ್ಟಿದ್ದ ಬಿಸಿಲನ್ನು ಬೆಂಕಿಯ ರೂಪದಲ್ಲಿ ಹಿಂದಕ್ಕೆ ಕೊಟ್ಟುಹೋಯಿತು.

ಆ ಬಿಸಿಲು ಎಷ್ಟು? ಪೂರ್ತಿ ಒಣಗಿದ ಒಂದು ಕಿಲೋಗ್ರಾಂ ಮರದಲ್ಲಿ ಸುಮಾರು 4,500 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ದುಡಿಯುವ ಮನುಷ್ಯನೊಬ್ಬನು ಒಂದು ದಿನ ಊಟದಿಂದ ಪಡೆಯುವ ಶಕ್ತಿಯ ಎರಡು ಪಾಲಿಗಿಂತ ಇದು ತುಸು ಕಡಮೆ. ನಾವು ಮನೆಗೆ ತರಿಸುವ 14.2 ಕಿಲೋಗ್ರಾಮಿನ ಗ್ಯಾಸ್ ಸಿಲಿಂಡರಿನಲ್ಲಿ ಒಂದೂವರೆ ಲಕ್ಷ ಕಿಲೋಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು ಶಕ್ತಿಯಿದೆ. ಎಂದರೆ 35 ಕಿಲೋಗ್ರಾಂ ಒಣ ಮರದಷ್ಟು. ಆದರೆ ಮೂರು ಕಲ್ಲಿನ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಶಾಖ ಮಾತ್ರ ಪಾತ್ರೆಗೆ ತಲುಪುತ್ತದೆ, ಗ್ಯಾಸಿನ ಒಲೆಯಲ್ಲಿ ಆರು ಪಾಲು. ಬಿಸಿಲಲ್ಲಿ ಒಣಗಿದ ಸೌದೆಯಲ್ಲಿಯೂ ಕೊಂಚ ನೀರಿನಂಶ ಉಳಿದಿರುತ್ತದೆ. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಇನ್ನೂರು ಕಿಲೋಗ್ರಾಮಿನಷ್ಟು ಸೌದೆ ಬೇಕು. ತಲೆಹೊರೆಯಲ್ಲಿ ಸೌದೆ ಹೊತ್ತು ತಂದ ತಾಯಂದಿರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿಮರದ ಮಾತಂತೂ ಬೇರೆಯೇ. ಅದರ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನೀರು. ಆ ನೀರನ್ನು ಆವಿ ಮಾಡುವುದರಲ್ಲಿಯೇ ಬೆಂಕಿಯ ಶಕ್ತಿ ಸೋರಿಹೋಗುತ್ತದೆ. ಆದುದರಿಂದಲೇ ಮರದ ರಾಶಿಯನ್ನು ಬಲ್ಲವರು ಯಾವಾಗಲೂ ಒಣ ತೂಕದಲ್ಲಿ ಹೇಳುತ್ತಾರೆ.

ಇನ್ನು ಪ್ರಾಯದ ವಿಷಯಕ್ಕೆ ಬರೋಣ. ಒಂದೇ ಜಾತಿಯ ಮರಗಳನ್ನು ಒಂದೇ ವರ್ಷ ಸಾಲಾಗಿ ನೆಟ್ಟು ಬೆಳೆಸಿದ ಕಾಡಿಗೆ ನೆಡುತೋಪು ಎನ್ನುತ್ತಾರೆ. ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳ ಮೇಲೆ ಅಕೇಶಿಯದ ನೆಡುತೋಪುಗಳನ್ನು ನೀವು ಕಂಡಿದ್ದೀರಿ. ಆದರೆ ಬೇರೆ ಬೇರೆ ಪ್ರಾಯದ ತೋಪುಗಳನ್ನು ಒಂದೇ ಪಯಣದಲ್ಲಿ ನೋಡಬೇಕೆಂದರೆ ನಮ್ಮ ರಾಜ್ಯದಲ್ಲಿ ವಯನಾಡಿನಂಥ ಜಾಗ ಇನ್ನೊಂದಿಲ್ಲ. ಕಲ್ಲಿಕೋಟೆಯಿಂದ ಘಟ್ಟ ಹತ್ತಿ ಮೈಸೂರಿಗೆ ಹೋಗುವ ಬಸ್ಸು ಸುಲ್ತಾನ್ ಬತ್ತೇರಿಯನ್ನು ದಾಟಿ ಮುತ್ತಂಗದ ಕಾಡಿನೊಳಗಿನಿಂದ ಗುಂಡ್ಲುಪೇಟೆಗೆ ಇಳಿಯುತ್ತದೆ. ಈ ಬತ್ತೇರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಅಚ್ಚ ಕನ್ನಡದ ಹೆಸರಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮುತ್ತಂಗ ಮತ್ತು ತೋಲ್ಪೆಟ್ಟಿಗಳನ್ನೊಳಗೊಂಡ ವಯನಾಡು ವನ್ಯಜೀವಿಧಾಮ 1973ರಲ್ಲಿ ಸ್ಥಾಪಿತವಾಯಿತು. ಅದರ ವಿಸ್ತಾರ 344 ಚದರ ಕಿಲೋಮೀಟರು. ಹೆಸರಿಗೆ ಅಭಯಾರಣ್ಯವಾದರೂ ಅದರೊಳಗೆ ಸಾಕಷ್ಟು ದೊಡ್ಡ ಭಾಗ ಸಹಜ ಕಾಡಲ್ಲ. ಹಿಂದೆ ಕಾಡು ಕಡಿದು ನೆಟ್ಟ ತೇಗ ಮತ್ತು ನೀಲಗಿರಿಯ ತೋಪುಗಳು. ಬಸ್ಸಿನ ಕಿಟಕಿಯಿಂದ ನೋಡಿದರೆ ಕಂಬಗಳಂತೆ ಸಾಲು ಹಿಡಿದು ನಿಂತಿರುವುದರಿಂದಲೇ ಗುರುತು ಸಿಗುತ್ತದೆ.

ತೇಗದ ತೋಪಿನ ಬಾಳನ್ನು ಹಿಡಿದು ನೋಡೋಣ. ಎರಡು ಮೀಟರ್ ಅಂತರಕ್ಕೆ ಒಂದರಂತೆ ನೆಟ್ಟರೆ ಹೆಕ್ಟೇರಿಗೆ 2,500 ಸಸಿಗಳಾಗುತ್ತವೆ. ಮೊದಲ ಎರಡು ಮೂರು ವರ್ಷ ಗಿಡ ತನ್ನ ಸಂಪಾದನೆಯ ಬಹುಭಾಗವನ್ನು ಎಲೆಗೂ ಬೇರಿಗೂ ಹಾಕುತ್ತದೆ. ಹೊಸದಾಗಿ ಅಂಗಡಿ ಹಾಕಿದವನು ಲಾಭವನ್ನೆಲ್ಲ ಸರಕಿಗೇ ತೊಡಗಿಸುವಂತೆ ಇದು. ಆಗ ತೋಪು ಹಸುರಾಗಿ ತುಂಬಿಕೊಂಡಂತೆ ಕಂಡರೂ ತೂಗಿದರೆ ಹೆಚ್ಚೇನೂ ಇರುವುದಿಲ್ಲ. ಬಳಿಕ ಅಕ್ಕಪಕ್ಕದ ಗಿಡಗಳ ತಲೆಗಳು ಒಂದಕ್ಕೊಂದು ತಾಗಿ ನೆಲಕ್ಕೆ ಬಿಸಿಲು ಬೀಳದಂತಾಗುತ್ತದೆ. ಇದೇ ಯೌವನದ ಆರಂಭ. ಬೀಳುವ ಬಿಸಿಲೆಲ್ಲ ಎಲೆಗಳ ಮೇಲೆಯೇ ಬೀಳುವುದರಿಂದ ತೋಪಿನ ವಾರ್ಷಿಕ ಬೆಳವಣಿಗೆ ಈ ಹಂತದಲ್ಲಿ ತುತ್ತತುದಿಗೇರುತ್ತದೆ. ಈಗ ಸಂಪಾದನೆ ಕಾಂಡಕ್ಕೆ ಸೇರತೊಡಗುತ್ತದೆ.

ಜೊತೆಗೇ ಪೈಪೋಟಿಯೂ ಮೊದಲಾಗುತ್ತದೆ. ಎಲ್ಲವನ್ನೂ ಹಾಗೆಯೇ ಬಿಟ್ಟರೆ ಎಲ್ಲವೂ ಸೊರಗುತ್ತವೆ. ಅದಕ್ಕಾಗಿ ನಾಲ್ಕೈದನೆಯ ವರ್ಷದಲ್ಲಿ ಒಮ್ಮೆ, ಎಂಟನೆಯ ವರ್ಷದ ಸುಮಾರಿಗೆ ಇನ್ನೊಮ್ಮೆ ಸಾಲು ಬಿಟ್ಟು ಸಾಲು ಕಡಿದು ತೆಳುವುಗೊಳಿಸುತ್ತಾರೆ. ಆಮೇಲಿನ ದಶಕಗಳಲ್ಲಿ ಡೊಂಕಾದವು, ರೋಗ ಹಿಡಿದವು, ಹಿಂದೆ ಬಿದ್ದವುಗಳನ್ನು ಆರಿಸಿ ತೆಗೆಯುತ್ತಾರೆ. ಅರುವತ್ತರ ಹೊತ್ತಿಗೆ ಆ 2,500ರಲ್ಲಿ ನೂರೋ ನೂರೈವತ್ತೋ ಉಳಿದಿರುತ್ತವೆ. ಆದರೂ ಆ ನೂರು ಮರಗಳ ರಾಶಿ ಹಿಂದಿನ ಸಾವಿರಾರು ಗಿಡಗಳ ರಾಶಿಯನ್ನು ಎಷ್ಟೋ ಮೀರಿರುತ್ತದೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ಮರದ ವ್ಯಾಪಾರಿಗಳ ಹಳೆಯ ಲೆಕ್ಕವೊಂದು ಸಾಕು. ದಿಮ್ಮಿಯ ನಡುಭಾಗದ ಸುತ್ತಳತೆಯ ಕಾಲಂಶವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು. ಸುತ್ತಳತೆ ಒಂದು ಮೀಟರ್, ಉದ್ದ 8 ಮೀಟರ್ ಇದ್ದರೆ 0.25 × 0.25 × 8, ಎಂದರೆ ಅರ್ಧ ಘನ ಮೀಟರ್. ಸುತ್ತಳತೆ ಅರ್ಧ ಮೀಟರ್ ಇದ್ದರೆ? ಅರ್ಧದ ಅರ್ಧವಲ್ಲವೇ, ಕಾಲು ಘನ ಮೀಟರ್ ಎಂದು ಆತುರದಿಂದ ಹೇಳಬೇಡಿ. ಮಾಡಿ ನೋಡಿ, ಎಂಟನೆಯ ಒಂದು ಘನ ಮೀಟರ್ ಮಾತ್ರ ಬರುತ್ತದೆ. ಸುತ್ತಳತೆ ಇಮ್ಮಡಿಯಾದರೆ ಮರ ನಾಲ್ಮಡಿಯಾಗುತ್ತದೆ. (ಈ ಲೆಕ್ಕ ನಿಜವಾದ ಘನ ಅಳತೆಗಿಂತ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕಡಮೆ ತೋರಿಸುತ್ತದೆ. ತೊಗಟೆಗೂ ಕೊಯ್ಯುವಾಗಿನ ನಷ್ಟಕ್ಕೂ ಅದು ರಿಯಾಯಿತಿ ಎನ್ನುತ್ತಾರೆ. ಮಾರುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.)

ಆ ಅರ್ಧ ಘನ ಮೀಟರ್ ತೇಗ, ಘನ ಮೀಟರಿಗೆ 600 ಕಿಲೋಗ್ರಾಮಿನಂತೆ ಹಿಡಿದರೆ, 300 ಕಿಲೋಗ್ರಾಂ ಒಣ ರಾಶಿ. ಶಕ್ತಿಯ ಲೆಕ್ಕದಲ್ಲಿ ಹದಿಮೂರೂವರೆ ಲಕ್ಷ ಕಿಲೋಕ್ಯಾಲೊರಿ, ಎಂದರೆ ಎಂಟಕ್ಕೂ ಮಿಕ್ಕಿ ಗ್ಯಾಸ್ ಸಿಲಿಂಡರುಗಳು ಒಂದೇ ದಿಮ್ಮಿಯೊಳಗೆ. ಅದರಲ್ಲಿರುವ ಇಂಗಾಲ 150 ಕಿಲೋಗ್ರಾಂ. ಗಾಳಿಯಿಂದ ಅದು ಹೀರಿದ ಇಂಗಾಲದ ಡೈ ಆಕ್ಸೈಡ್ 550 ಕಿಲೋಗ್ರಾಂ. ಕೊಂಬೆ, ಎಲೆಗಳು ಈ ಲೆಕ್ಕಕ್ಕೆ ಹೊರತು. ನೆಲದೊಳಗಿನ ಬೇರೂ ಸೇರಿಲ್ಲ. ಬೇರಿನ ತೂಕ ಸಾಮಾನ್ಯವಾಗಿ ಮೇಲಿನ ಮರದ ತೂಕದ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲು ಇರುತ್ತದೆ.

ಮುದಿ ಮರ ಬೆಳೆಯುವುದಿಲ್ಲ ಎನ್ನುವವರಿದ್ದಾರೆ. ಕೊಯ್ದ ತೇಗದ ತುದಿಯಲ್ಲಿ ವಾರ್ಷಿಕ ಉಂಗುರಗಳು ಚೆನ್ನಾಗಿ ಕಾಣುತ್ತವೆ. ನಡುವಿನ ಉಂಗುರಗಳು ಅಗಲ, ಹೊರಗಿನವು ಕಿರಿದು. ಆದರೆ ಹೊರಗಿನ ಕಿರಿದಾದ ಉಂಗುರ ಸುತ್ತುವ ದಾರಿ ದೊಡ್ಡದು. ಬಿಡಿಬಿಡಿಯಾಗಿ ನೋಡಿದರೆ ದೊಡ್ಡ ಮರವೊಂದು ವರ್ಷಕ್ಕೆ ಕೂಡಿಡುವ ರಾಶಿ ಚಿಕ್ಕ ಮರಕ್ಕಿಂತ ಹೆಚ್ಚೇ ಇರುವುದುಂಟು. ಮರಗಳ ಸಂಖ್ಯೆ ಕಡಮೆಯಾಗುವುದರಿಂದಲೂ, ದೊಡ್ಡ ಶರೀರದ ಉಸಿರಾಟಕ್ಕೆ ಸಂಪಾದನೆಯ ಒಂದು ಪಾಲು ಖರ್ಚಾಗುವುದರಿಂದಲೂ, ಎತ್ತರದ ತುದಿಗೆ ನೀರೇರುವುದು ಕಷ್ಟವಾಗುವುದರಿಂದಲೂ ಒಟ್ಟು ತೋಪಿನ ವಾರ್ಷಿಕ ಬೆಳವಣಿಗೆ ಇಳಿಯುತ್ತದೆ. ಇಳಿಯುವುದು ಬೆಳವಣಿಗೆ, ಕೂಡಿಟ್ಟ ರಾಶಿಯಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಆಗಿರುವ ಅನರ್ಥವನ್ನು ಮುಂದೆ ಹೇಳುತ್ತೇವೆ.

ಮುದಿ ಮರದ ಒಳಗಿನ ಕಂದುಬಣ್ಣದ ಭಾಗಕ್ಕೆ ಕನ್ನಡದಲ್ಲಿ ಚೇಗು ಎನ್ನುತ್ತೇವೆ, ಮಲೆಯಾಳದಲ್ಲಿ ಕಾತಲ್. ಸುತ್ತಲಿನ ಬೆಳ್ಳಗಿನ ಮರದಲ್ಲಿ ನೀರು ಹರಿಯುತ್ತದೆ, ಜೀವಕೋಶಗಳಿವೆ. ಚೇಗು ಸತ್ತ ಭಾಗ. ಮರ ತನ್ನ ಹಳೆಯ ನಾಳಗಳನ್ನು ಮುಚ್ಚಿ, ಅವುಗಳಲ್ಲಿ ಎಣ್ಣೆಯಂಥ, ರಾಳದಂಥ ವಸ್ತುಗಳನ್ನು ತುಂಬಿ, ಗೆದ್ದಲು ಹಿಡಿಯದಂತೆ ಭದ್ರಪಡಿಸುತ್ತದೆ. ಇದಕ್ಕೆ ಉಸಿರಾಟದ ಖರ್ಚಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಿಳಿಮರ ಚಾಲ್ತಿ ಖಾತೆ, ಚೇಗು ನಿರಖು ಠೇವಣಿ. ಹತ್ತು ಹದಿನೈದು ವರ್ಷದ ತೇಗದಲ್ಲಿ ಈ ಠೇವಣಿ ತೀರ ಕಡಮೆ. ಎಳೆ ತೇಗದ ಬಾಗಿಲು ಬಾಳಿಕೆ ಬರುವುದಿಲ್ಲವೆಂಬ ಆಚಾರಿಗಳ ದೂರಿಗೆ ಇದೇ ಕಾರಣ.

ಬೆಳವಣಿಗೆಗೂ ರಾಶಿಗೂ ಇರುವ ಭೇದವನ್ನು ಈಗ ನೋಡೋಣ. ಕೋಷ್ಟಕದಲ್ಲಿರುವ ನಿಜವಾದ ಅಂಕಿಗಳಲ್ಲ, ಲೆಕ್ಕಕ್ಕೆಂದು ನಾವೇ ಇಟ್ಟುಕೊಂಡ ಸಂಖ್ಯೆಗಳಿವು. ಒಬ್ಬನು ತನ್ನ ಒಂದು ಹೆಕ್ಟೇರಿನಲ್ಲಿ ನೀಲಗಿರಿ ನೆಟ್ಟು, ವರ್ಷಕ್ಕೆ 10 ಟನ್ನಿನಂತೆ ಹತ್ತು ವರ್ಷ ಬೆಳೆಸಿ, 100 ಟನ್ನಾದ ಕೂಡಲೇ ಕಡಿದು ಮತ್ತೆ ಬೆಳೆಸುತ್ತಾನೆ. ಇನ್ನೊಬ್ಬನು ವರ್ಷಕ್ಕೆ ಸರಾಸರಿ 4 ಟನ್ನಿನಷ್ಟೇ ಕೂಡುವ ತೇಗವನ್ನು ಅರುವತ್ತು ವರ್ಷ ಉಳಿಸಿ 240 ಟನ್ನಿಗೆ ತರುತ್ತಾನೆ. ವರ್ಷದ ಬೆಳೆಯಲ್ಲಿ ಮೊದಲನೆಯವನೇ ಜಾಣ. ಆದರೆ ಅರುವತ್ತು ವರ್ಷಗಳಲ್ಲಿ ಯಾವ ದಿನ ಹೋಗಿ ನೋಡಿದರೂ ಆತನ ನೆಲದ ಮೇಲೆ ಸರಾಸರಿ ನಿಂತಿರುವುದು 50 ಟನ್ ಮಾತ್ರ. ಎರಡನೆಯವನ ನೆಲದಲ್ಲಿ 120 ಟನ್. ಸೌದೆಯೋ ಕಾಗದದ ತಿರುಳೋ ಬೇಕಾದವನು ಬೆಳವಣಿಗೆಯನ್ನು ಕೇಳುತ್ತಾನೆ. ಗಾಳಿಯ ಇಂಗಾಲವನ್ನು ಹಿಡಿದಿಡಬೇಕೆನ್ನುವವನು ರಾಶಿಯನ್ನು ಕೇಳಬೇಕು. ಇನ್ನು 250 ಟನ್ ರಾಶಿಯಿದ್ದ ಹಳೆಯ ಕಾಡನ್ನು ಕಡಿದು ಸುಟ್ಟು ಆ ಜಾಗದಲ್ಲಿ ವೇಗದ ಮರ ನೆಟ್ಟರೆ, ಒಂದನ್ನೂ ಕಡಿಯದೆ ಇಪ್ಪತ್ತೈದು ವರ್ಷ ಕಾದರೆ ಮಾತ್ರ ಹಳೆಯ ಸಾಲ ತೀರುತ್ತದೆ. ಹತ್ತಕ್ಕೊಮ್ಮೆ ಕಡಿಯುವವನ ಸಾಲ ಎಂದೂ ತೀರುವುದಿಲ್ಲ.

ವಯನಾಡಿನಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ತೇಗ ಬ್ರಿಟಿಷರ ಕಾಲದಿಂದಲೇ ಬಂತು. ಘಟ್ಟದ ಕೆಳಗಿನ ನಿಲಂಬೂರಿನಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿಯು ಚಾತು ಮೇನೋನರ ನೆರವಿನಿಂದ 1840ರ ದಶಕದಲ್ಲಿ ನೆಡಿಸಿದ ತೋಪು ಇಡೀ ಲೋಕದಲ್ಲಿಯೇ ಅತ್ಯಂತ ಹಳೆಯ ತೇಗದ ನೆಡುತೋಪೆಂದು ಪ್ರಸಿದ್ಧವಾಗಿದೆ. ಅದರಲ್ಲಿ ಉಳಿಸಿಕೊಂಡ ಎರಡು ಚಿಲ್ಲರೆ ಹೆಕ್ಟೇರಿನ ತುಂಡನ್ನು ಇಂದಿಗೂ ನೋಡಬಹುದು. ಸ್ವಾತಂತ್ರ್ಯಾನಂತರ ಚಾಲಿಯಾರ್ ನದಿಯ ದಂಡೆಯ ಮಾವೂರಿನಲ್ಲಿ ರೇಯಾನ್ ತಿರುಳಿನ ಕಾರ್ಖಾನೆ ಆರಂಭವಾದ ಮೇಲೆ ವಯನಾಡಿನ ಬಿದಿರಿಗೆ ಬೇಡಿಕೆ ಬಂತು, ಬಿದಿರು ಸಾಲದಾದಾಗ ನೀಲಗಿರಿ ಬಂತು. ಆ ಕಾರ್ಖಾನೆ 2001ರಲ್ಲಿ ಮುಚ್ಚಿತು. ಸಹಜವಾಗಿ ಬೆಳೆದ ಮರಗಳನ್ನು ಕಡಿದು ಆ ಅರಣ್ಯ ಭೂಮಿಯಲ್ಲಿ ಬೇರೆ ಮರ ನೆಡಬೇಕಾದರೆ ಕೇಂದ್ರ ಸರಕಾರದ ಒಪ್ಪಿಗೆ ಬೇಕೆಂದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ 1988ರಲ್ಲಿ ತಿದ್ದುಪಡಿ ಬಂತು. ಬರುವಾಗ ತಡವಾಗಿತ್ತೆಂದೇ ನಮ್ಮ ಅಭಿಪ್ರಾಯ.

ಬಿದಿರಿನ ಮಾತು ಬಂದುದರಿಂದ ಒಂದು ಸಣ್ಣ ವಿಷಯ. ಹೆಬ್ಬಿದಿರು ನಾಲ್ಕು ದಶಕಗಳಷ್ಟು ಕಾಲ ಶಕ್ತಿಯನ್ನು ಕೂಡಿಟ್ಟು, ಕಡೆಗೆ ಒಮ್ಮೆ ಹೂಬಿಟ್ಟು, ಇದ್ದುದೆಲ್ಲವನ್ನೂ ಬೀಜಕ್ಕೆ ಸುರಿದು ಸಾಯುತ್ತದೆ. ವಯನಾಡಿನವರು ಆ ಬಿದಿರಕ್ಕಿಯನ್ನು ಗುಡಿಸಿ ತಂದು ಅನ್ನ, ಪಾಯಸ ಮಾಡುತ್ತಾರೆ. ನಲವತ್ತು ವರ್ಷಗಳ ಬಿಸಿಲನ್ನು ಒಂದೇ ಊಟದಲ್ಲಿ ಉಣ್ಣುವುದು ಬೇರೆ ಯಾವ ಧಾನ್ಯದಲ್ಲಿ ಸಾಧ್ಯ!

ಹಾಗೆಂದು ರಾಶಿಯೇ ಸರ್ವಸ್ವವೆಂದು ತಿಳಿಯಬಾರದು. 1980ರ ದಶಕದಲ್ಲಿ ಚೆಂದಕ್ಕೆಂದು ನೆಟ್ಟ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ಇಂದು ವಯನಾಡಿನ ಕಾಡಿನೊಳಗೆ ಹಬ್ಬಿಬಿಟ್ಟಿದೆ. ಮಲೆಯಾಳದವರು ಅದನ್ನು ಮಂಜಕ್ಕೊನ್ನ ಎನ್ನುತ್ತಾರೆ. ಬೇಗ ಬೆಳೆಯುತ್ತದೆ, ಕಡಿದರೆ ಬುಡದಿಂದ ಹತ್ತಾರು ಚಿಗುರೊಡೆಯುತ್ತದೆ, ತೂಕದ ಲೆಕ್ಕದಲ್ಲಿ ಅದಕ್ಕೆ ಒಳ್ಳೆಯ ಅಂಕಗಳೇ ಸಿಗುತ್ತವೆ. ಆದರೆ ಅದರ ನೆರಳಿನಲ್ಲಿ ಹುಲ್ಲು ಹುಟ್ಟುವುದಿಲ್ಲ. ಜಿಂಕೆ, ಆನೆಗಳಿಗೆ ಮೇವಿಲ್ಲ. ಮೇವಿಲ್ಲದ ಪ್ರಾಣಿ ಗದ್ದೆಗೆ ಇಳಿಯುತ್ತದೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಅಲ್ಲಿನ ಕಾಟ್ಟುನಾಯಕರು ಜೇನು ಕೀಳುವ ಜನ. ಹೆಜ್ಜೇನು ಕಟ್ಟುವುದು ಎತ್ತರದ ಹಳೆಯ ಮರಗಳಲ್ಲಿ, ತುಡುವೆ ಜೇನಿಗೆ ಪೊಟರೆ ಬೇಕು. ಹತ್ತು ವರ್ಷದ ನೀಲಗಿರಿಯಲ್ಲಿ ಪೊಟರೆ ಎಲ್ಲಿಂದ ಬರಬೇಕು?

ಮಣ್ಣಿನ ಲೆಕ್ಕವೂ ಉಂಟು. ಆ ಬೊಗಸೆ ಬೂದಿಯ ಸಾರ ಎಲೆ, ತೊಗಟೆ, ಎಳೆಕೊಂಬೆಗಳಲ್ಲಿ ಹೆಚ್ಚು, ಚೇಗಿನಲ್ಲಿ ಬಹಳ ಕಡಮೆ. ಎಳೆಯ ಮರದಲ್ಲಿ ತೊಗಟೆ, ಕೊಂಬೆಗಳ ಪಾಲು ಹೆಚ್ಚಿರುವುದರಿಂದ ಮೇಲಿಂದ ಮೇಲೆ ಕಡಿದು ಸಾಗಿಸಿದರೆ ಒಂದೊಂದು ಟನ್ನಿನೊಡನೆಯೂ ಮಣ್ಣಿನ ಸಾರ ಹೆಚ್ಚಾಗಿ ಹೊರಟುಹೋಗುತ್ತದೆ. ತೊಗಟೆಯನ್ನು ಸುಲಿದು ಅಲ್ಲಿಯೇ ಬಿಟ್ಟರೆ, ಸೊಪ್ಪನ್ನು ಸುಡದೆ ಕೊಳೆಯಲು ಬಿಟ್ಟರೆ ಅಷ್ಟಾದರೂ ಉಳಿದೀತು.

ಹೆತ್ತವರು ಕೇಳಬಹುದು: ಮರ ನೂರು ವರ್ಷ ನಿಲ್ಲಲಿ ಎನ್ನುವುದು ಸುಲಭ, ಮಗಳ ಮದುವೆಗೂ ಮಗನ ಕಾಲೇಜಿಗೂ ಹಣವೆಲ್ಲಿ? ನ್ಯಾಯವಾದ ಪ್ರಶ್ನೆಯೇ. ಹಿತ್ತಿಲ ಮರ ಇಪ್ಪತ್ತು ತುಂಬುವ ಮೊದಲೇ ವ್ಯಾಪಾರಿಯ ಕೈಸೇರುವುದು ಇಂಥ ಅಗತ್ಯ ಬಿದ್ದಾಗಲೇ. ಇದಕ್ಕೊಂದು ದಾರಿ ಹುಡುಕಿದ್ದು ವಯನಾಡಿನ ಮೀನಂಗಾಡಿ ಪಂಚಾಯತು. ತನ್ನ ಊರು ಗಾಳಿಗೆ ಬಿಡುವ ಇಂಗಾಲವನ್ನು ತನ್ನ ಮರಗಳೇ ಹೀರುವಂತಾಗಬೇಕೆಂಬ ಯೋಜನೆಯನ್ನು ಅದು 2016ರಲ್ಲಿ ಆರಂಭಿಸಿತು. ಅದರ ಅಂಗವಾಗಿ ಬಂದದ್ದು ಮರದ ಬ್ಯಾಂಕು. ರೈತನು ತನ್ನ ಮರವನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಮಾತ್ರ ಸಾಲ ಹಿಂದಿರುಗಿಸಬೇಕು. ಇದಕ್ಕಾಗಿ ರಾಜ್ಯ ಸರಕಾರ 10 ಕೋಟಿ ರೂಪಾಯಿ ಒದಗಿಸಿತು. ಐವತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ. ಕಾಫಿಯ ನೆರಳಿಗೆಂದು ನೂರು ಮರ ಇಟ್ಟವನಿಗೆ ವರ್ಷಕ್ಕೆ ಐದು ಸಾವಿರವಾಯಿತು. ಮಕ್ಕಳ ಪುಸ್ತಕ, ಬಟ್ಟೆಗಳ ಖರ್ಚಿಗಾದೀತು. ದಿಮ್ಮಿಯ ಬೆಲೆಯೆದುರು ಇದು ಸಾಕೇ ಎಂಬುದನ್ನು ಆಯಾ ಮನೆಯವರೇ ತೂಗಿ ನೋಡಬೇಕು. ನಮಗೆ ಮೆಚ್ಚುಗೆಯಾದದ್ದು, ನಿಂತ ಮರಕ್ಕೂ ಬೆಲೆಯುಂಟೆಂದು ಲೆಕ್ಕದ ಪುಸ್ತಕದಲ್ಲಿ ಬರೆದ ಆ ಧೈರ್ಯ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಶಾಲೆಯ ಅಂಗಳದಲ್ಲಿಯೇ ಆರಂಭಿಸಬಹುದು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಎಂದರೆ ದೊಡ್ಡವರ ಎದೆಯ ಮಟ್ಟದಲ್ಲಿ, ಮರದ ಸುತ್ತಳತೆ ತೆಗೆಯುವುದು ಅರಣ್ಯ ಇಲಾಖೆಯ ಪದ್ಧತಿ. ದರ್ಜಿಯ ಟೇಪು ಸಾಕು. ಮರ ಇಳಿಜಾರಿನಲ್ಲಿದ್ದರೆ ಮೇಲ್ಬದಿಯಿಂದ ಅಳೆಯಬೇಕು. ಅಳೆದ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ಮರದ ಹೆಸರು, ತಾರೀಕು, ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಗೆರೆಯ ಮೇಲೆ ಮತ್ತೆ ಅಳೆಯಿರಿ. ಗುರುತಿಗೆಂದು ಮೊಳೆ ಹೊಡೆಯಬೇಡಿ.